ಹಾಗಲಕಾಯಿ ರಸ, ಹೊಸ್ತಿಲ ಬೆಲ್ಲ

ಎದುರು ಮನೆಯ ಸೊಸೆ ಹೊಸ ಮಿಕ್ಸರ್ ತಂದಿದ್ದಾಳೆ. ಬೆಳಗಾದರೆ ಅದರ ಗರ್ ಗರ್ ಸದ್ದು. ಒಂದು ದಿನ ಗಜ್ಜರಿ, ಒಂದು ದಿನ ಸೌತೆಕಾಯಿ, ಒಂದು ದಿನ ಬೀಟ್‌ರೂಟ್. ಕುಡಿಯುವ ಲೋಟ ಕೈಯಲ್ಲಿ ಹಿಡಿದುಕೊಂಡೇ ನಮ್ಮ ಕಟ್ಟೆಗೆ ಬರುತ್ತಾಳೆ. ಅವಳ ಮಾವನಿಗೆ ಈಚೆಗೆ ಸಕ್ಕರೆ ಕಾಯಿಲೆ ಬಂದಿದೆ.

"ಆಯಿ, ಸಕ್ಕರಿ ಬ್ಯಾನಿಗೆ ಯಾವ ರಸ ಛಲೋ? ನೀವು ಭಾಳ ವರ್ಷ ಹಿಂಡಿ ಕೊಟ್ಟೀರಂತಲ್ಲ."

"ರಸದ್ದು ಆಮ್ಯಾಲ ಹೇಳ್ತೇನಿ. ಕುಡದ ಮ್ಯಾಲ ನಿಮ್ಮ ಮಾವ ಏನ್ ತಿಂತಾರ, ಅದನ್ನ ಮೊದಲ ನೋಡ್ಕೊಂಡ ಬಾ."

ಅವಳಿಗೆ ಅದು ಮುದುಕಿಯ ಕೊಂಕು ಅನಿಸುತ್ತದೆ. ನಕ್ಕು ಹೋಗುತ್ತಾಳೆ. ಮರುದಿನ ಬಂದು ಮತ್ತೆ ಅದನ್ನೇ ಕೇಳುತ್ತಾಳೆ. ಬಾಯಿಯಲ್ಲಿ ಹೇಳಿದರೆ ಯಾರಿಗೂ ಹತ್ತುವುದಿಲ್ಲ ಎಂದು ಬರೆಯಲು ಕೂತಿದ್ದೇನೆ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಒತ್ತಕ್ಷರ ತಪ್ಪಿದ್ದರೆ ಓದುವವರು ತಿದ್ದಿಕೊಳ್ಳಲಿ.

ನನ್ನ ತವರು ಜೋಯಿಡಾದ ಕಾಡಿನೊಳಗೆ, ಅನಮೋಡಕ್ಕೆ ಹೋಗುವ ರಸ್ತೆಯಿಂದ ಒಳಕ್ಕೆ. ಮನೆಯಲ್ಲಿ ಕನ್ನಡ, ಹೊರಗೆ ಕೊಂಕಣಿ. ಅಲ್ಲಿ ಹಣ್ಣಿನ ರಸ ಎಂದರೆ ಹುಳಿ ಮತ್ತು ಉಪ್ಪು. ಮುರುಗಲು ಹಣ್ಣಿನ ಒಣಸಿಪ್ಪೆಯನ್ನು ನೀರಲ್ಲಿ ನೆನೆಹಾಕಿ, ಕಿವುಚಿ, ಉಪ್ಪು ಜೀರಿಗೆ ಹಾಕಿ ಕುಡಿಯುತ್ತಿದ್ದೆವು. ಬಿಸಿಲಿಗೆ ಅದು, ಪಿತ್ತಕ್ಕೂ ಅದು. ನೆಲ್ಲಿಕಾಯಿ ಜಜ್ಜಿ ಹಿಂಡಿದರೆ ಅದಕ್ಕೂ ಉಪ್ಪು. ಬಾಯಲ್ಲಿ ಹುಣ್ಣಾದರೆ ಒಂದೆಲಗದ ಸೊಪ್ಪು ಅರೆದು ಮಜ್ಜಿಗೆಗೆ ಕಲೆಸುವುದು. ಬೆಲ್ಲ ಹಬ್ಬಕ್ಕೆ ಮಾತ್ರ, ಅದೂ ಡಬ್ಬಿಯ ತಳ ಕೆರೆದು.

ಮದುವೆಯಾಗಿ ಬಂದದ್ದು ಹಳಿಯಾಳದ ಹತ್ತಿರದ ಹಳ್ಳಿಗೆ. ಇಲ್ಲಿ ಹೊಲದ ತುಂಬ ಕಬ್ಬು, ಹೊಲದ ಬದುವಿಗೆ ಗಾಣ. ನನ್ನ ಗಂಡ ಗಾಣದಲ್ಲಿ ಪಾಕ ನೋಡುವವರು. ಕಬ್ಬಿನ ರಸ ಕುದಿದು ಕುದಿದು ಯಾವ ಗಳಿಗೆಗೆ ಬೆಲ್ಲವಾಗುತ್ತದೆ, ಕೊಪ್ಪರಿಗೆಯನ್ನು ಯಾವಾಗ ಒಲೆಯಿಂದ ಇಳಿಸಬೇಕು ಎಂದು ಹೇಳುವುದು ಅವರ ಕೆಲಸ. ಅಂಥ ಮನೆಯಲ್ಲಿ ಸಾರಿಗೂ ಬೆಲ್ಲ, ಪಲ್ಯಕ್ಕೂ ಬೆಲ್ಲ, ಬಾಗಿಲಿಗೆ ಬಂದವರಿಗೂ ಬೆಲ್ಲ ನೀರು. ಬಂದ ಹೊಸತರಲ್ಲಿ ನಾನು ಮುರುಗಲು ನೀರಿಗೆ ಉಪ್ಪು ಹಾಕಿ ಅತ್ತೆಯ ಕೈಗೆ ಕೊಟ್ಟೆ. ಒಂದು ಗುಟುಕು ಕುಡಿದವರು ಅಂಗಳಕ್ಕೆ ಉಗುಳಿದರು.

"ಇದೇನ ದನಕ್ಕ ಕುಡಸೂ ಔಷಧೇನಬೇ?" ಅಂದರು. ಅವತ್ತಿನಿಂದ ನಾನು ಅವರಿಗೆ ಅಡವ್ಯಾಗಿನಾಕಿ.

ಸೂಪಾದಲ್ಲಿ ಅಣೆಕಟ್ಟು ಏಳುತ್ತಿದ್ದ ವರ್ಷಗಳವು. ದಾಂಡೇಲಿ ಕಡೆ ಸಿಮೆಂಟಿನ ಲಾರಿಗಳು ಹಗಲೆಲ್ಲ ಹೋಗುತ್ತಿದ್ದವು. ಆಗ ಗಂಡನಿಗೆ ಒಂದು ನೀರಡಿಕೆ ಹತ್ತಿತು. ಕೊಡಕ್ಕೆ ತಂಬಿಗೆ ಮುಳುಗಿಸಿ ಮುಳುಗಿಸಿ ಕುಡಿಯುತ್ತಿದ್ದರು, ಆದರೂ ಬಾಯಿ ಒಣಗುತ್ತಿತ್ತು. ಹಿತ್ತಲ ಗೋಡೆಯ ಬುಡದಲ್ಲಿ ಅವರು ಉಚ್ಚೆಗೆ ಕೂರುವ ಜಾಗಕ್ಕೆ ಇರುವೆ ಸಾಲುಗಟ್ಟಿದವು. ಅತ್ತೆಯನ್ನು ಕರೆದು ತೋರಿಸಿದೆ.

"ಬೆಲ್ಲದ ಮನ್ಯಾಗ ಇರಿವಿ ಇರದ ಹುಲಿ ಇರ್ತಾವನು?" ಅಂದು ಅವರು ಒಳಗೆ ಹೋದರು.

ನಾನೇ ಜಗ್ಗಿಕೊಂಡು ಹಳಿಯಾಳದ ದವಾಖಾನೆಗೆ ಕರೆದುಕೊಂಡು ಹೋದೆ. ಕಂಪೌಂಡರ್ ಗಾಜಿನ ನಳಿಗೆಯಲ್ಲಿ ನೀಲಿ ನೀರು ತೆಗೆದುಕೊಂಡು, ಉಚ್ಚೆಯ ಹನಿ ಬಿಟ್ಟು, ದೀಪದ ಮೇಲೆ ಕಾಯಿಸಿದ. ನೀಲಿ ಹಸಿರಾಯಿತು, ಹಸಿರು ಹಳದಿಯಾಯಿತು, ಕಡೆಗೆ ಇಟ್ಟಂಗಿಯ ಕೆಂಪು ಬಣ್ಣಕ್ಕೆ ಬಂದು ನಿಂತಿತು. ಡಾಕ್ಟರು ಅದನ್ನು ಬೆಳಕಿಗೆ ಹಿಡಿದು ನಮಗೂ ತೋರಿಸಿದರು.

"ನೀಲಿ ಉಳದ್ರ ಏನೂ ಇಲ್ಲ. ಹಸಿರಾದ್ರ ಸ್ವಲ್ಪ ಐತಿ. ಇದು ನೋಡ್ರಿ, ಇಟ್ಟಂಗಿ. ಇವತ್ತಿನಿಂದ ಸಿಹಿ ಬಂದ್. ಗುಳಿಗಿ ತಪ್ಪಸಬ್ಯಾಡ್ರಿ. ಕಾಲಿಗೆ ಗಾಯ ಮಾಡ್ಕೋಬ್ಯಾಡ್ರಿ, ಲಗೂನ ಮಾಯೂದಿಲ್ಲ."

ಅನಮೋಡದಲ್ಲಿದ್ದ ನನ್ನ ಸೋದರಮಾವ ಇದೇ ಕಾಯಿಲೆಗೆ ಹಾಗಲಕಾಯಿ ರಸ ಕುಡಿಯುತ್ತಿದ್ದದ್ದು ನೆನಪಾಗಿ ಕೇಳಿದೆ.

"ಕೊಡ್ರಿ," ಅಂದರು ಡಾಕ್ಟರು. "ಆದ್ರ ಗುಳಿಗಿ ಬಿಟ್ಟು ಅಲ್ಲ, ಗುಳಿಗಿ ಜೋಡಿ. ಮತ್ತ ಸಿಹಿ ಬಿಟ್ಟು."

ಸಿಹಿ ಬಿಟ್ಟು ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದರು. ನನ್ನ ಗಂಡನೂ ಅಲ್ಲೇ ಸ್ಟೂಲಿನ ಮೇಲೆ ಕೂತಿದ್ದರು.

ಹಿತ್ತಲಲ್ಲಿ ಹಾಗಲ ಬಳ್ಳಿ ಹಬ್ಬಿಸಿದೆ. ಬೆಳಗ್ಗೆ ಎಳೆಕಾಯಿ ಕೊಯ್ದು, ಬೀಜ ತೆಗೆದು, ಒಳಕಲ್ಲಿನಲ್ಲಿ ಜಜ್ಜಿ, ಹಳೆಯ ಧೋತರದ ತುಂಡಿನಲ್ಲಿ ಕಟ್ಟಿ ಹಿಂಡಬೇಕು. ಅಷ್ಟು ಹಿಂಡಿದರೆ ಅರ್ಧ ಲೋಟ ಹಸಿರು ನೀರು ಇಳಿಯುತ್ತದೆ. ಮಿಕ್ಸರ್ ಗುಂಡಿ ಒತ್ತುವವರಿಗೆ ಇದು ತಿಳಿಯುವುದಿಲ್ಲ. ಮಣಿಕಟ್ಟು ನೋಯುತ್ತಿತ್ತು, ಬೆರಳ ಸಂದಿಯ ಕಹಿ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ, ನಾನು ಉಣ್ಣುವ ರೊಟ್ಟಿಯೂ ಕಹಿ.

ಕೆಲವೇ ದಿನಕ್ಕೆ ಅತ್ತೆಯ ತಕರಾರು ಶುರುವಾಯಿತು. "ಚಟ್ನಿ ಕಹಿ ಬಡ್ಯಾಕ ಹತ್ತೈತಿ. ನಮ್ಮತ್ತಿ ಕಾಲದ ಒಳ್ಳು ಅದು. ಕೆಡಿಸಿದಿ." ಹಳ್ಳಕ್ಕೆ ಹೋಗಿ ಬೇರೆ ಕಲ್ಲು ಹೊತ್ತು ತಂದೆ. ಹಾಗಲಕಾಯಿ ಸಿಗದ ದಿನ ಅಟ್ಟದ ಮೇಲಿನ ಬೂದುಗುಂಬಳ ತುರಿದು ಹಿಂಡಿದೆ. ಅದಕ್ಕೂ ಮಾತು: "ಸಂಡಿಗಿಗೆ ಇಟ್ಟಿದ್ದ ಕಾಯಿ." ಚಳಿಗಾಲಕ್ಕೆ ನೆಲ್ಲಿಕಾಯಿ. ಅದು ಕಾಡಿನದು, ಅದಕ್ಕೆ ಮಾತ್ರ ಯಾರೂ ಏನೂ ಅನ್ನಲಿಲ್ಲ.

ಗಂಡ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಖಾಲಿ ಹೊಟ್ಟೆಯಲ್ಲಿ ಕುಡಿಯಬೇಕು. ಕುಡಿಯುವುದೆಂದರೆ ದೊಡ್ಡ ಸೋಗು. ಲೋಟ ತಿರುಗಿಸುವುದು, ಮೂಗು ಹಿಡಿಯುವುದು, ನಿಟ್ಟುಸಿರು ಬಿಡುವುದು.

"ಇದಕ್ಕಿಂತ ಬ್ಯಾನೀನ ಛಲೋ."

"ಹಿಂಡಾಕಿಗಿಲ್ಲದ ತ್ರಾಸು ಕುಡಿಯಾವ್ರಿಗೆ ಏನ್ರಿ? ಕುಡೀರಿ."

ಆದರೂ ಆ ಮಳೆಗಾಲ ಗುಣ ಕಂಡಿತು, ಸುಳ್ಳು ಹೇಳುವುದಿಲ್ಲ. ನೀರಡಿಕೆ ಇಳಿಯಿತು. ಹೊಟ್ಟೆ ಹಗುರಾಯಿತು. ಕಹಿ ಕುಡಿದ ಬಾಯಿಗೆ ಅನ್ನ ಅಷ್ಟು ಸೇರುತ್ತಿರಲಿಲ್ಲ, ಒಂದು ರೊಟ್ಟಿಗೆ ಏಳುತ್ತಿದ್ದರು. ಹಿತ್ತಲ ಇರುವೆ ಚದುರಿದವು. ಮಳೆ ನಿಲ್ಲುವ ಹೊತ್ತಿಗೆ ಕಂಪೌಂಡರನ ನಳಿಗೆ ಹಸಿರಿಗೆ ಬಂದು ನಿಂತಿತು. ಅದು ರಸದ ಗುಣವೋ ಗುಳಿಗೆಯದೋ ಸಿಹಿ ಬಿಟ್ಟದ್ದರದೋ ನನಗೆ ಗೊತ್ತಿಲ್ಲ. ಮೂರೂ ಕೂಡಿ ಇದ್ದಿರಬೇಕು.

ಆಮೇಲೆ ಗಾಣದ ಕಾಲ ಬಂತು. ಹೊಲದಲ್ಲಿ ಹೊಗೆ ಎದ್ದಿತು, ಊರೆಲ್ಲ ಬೆಲ್ಲದ ವಾಸನೆ. ಕೊಪ್ಪರಿಗೆಯಿಂದ ಕುದಿಯುವ ಪಾಕದ ಒಂದು ಹನಿ ಸಿಡಿದು ಗಂಡನ ಕಾಲಿನ ಹೆಬ್ಬೆರಳ ಪಕ್ಕದ ಬೆರಳ ಮೇಲೆ ಬಿತ್ತು. ಗಾಣದಲ್ಲಿ ಇದು ದಿನದ ಮಾತು, ಯಾರೂ ತಿರುಗಿ ನೋಡುವುದಿಲ್ಲ. ಬೇರೆಯವರಿಗೆ ಗುಳ್ಳೆ ಎದ್ದು ಒಡೆದು ಮಾಯುತ್ತದೆ. ಇವರ ಗಾಯ ಮಾಯಲಿಲ್ಲ. ಅಂಚು ಕಪ್ಪಾಯಿತು, ಕೀವು ತುಂಬಿತು, ಬಟ್ಟೆ ಬಿಚ್ಚಿದರೆ ವಾಸನೆ.

ಹಳಿಯಾಳಕ್ಕೆ ಹೋದೆವು. ನಳಿಗೆ ಮತ್ತೆ ಇಟ್ಟಂಗಿ. ಡಾಕ್ಟರು ನನ್ನ ಕಡೆ ತಿರುಗಿದರು.

"ಏನ್ ತಿನ್ನಸಾಕತ್ತೀರಿ ಇವರಿಗೆ?"

"ಏನೂ ಇಲ್ರಿ. ರೊಟ್ಟಿ, ಪಲ್ಯ, ಹಾಗಲಕಾಯಿ ರಸ."

"ಅಷ್ಟ ತಿಂದ್ರ ಇಷ್ಟ ಏರೂದಿಲ್ಲ. ಖರೇ ಹೇಳ್ರಿ."

ನಾನು ಗಂಡನ ಮುಖ ನೋಡಿದೆ. ಅವರು ಗೋಡೆಯ ಕ್ಯಾಲೆಂಡರು ನೋಡುತ್ತಿದ್ದರು. ಡಾಕ್ಟರು ಗಾಯ ತೊಳೆಸಿ, ಕಡೆಗೆ ಹೇಳಿದರು: "ಇದು ಹಿಂಗ ಹೋದ್ರ ಬೆರಳು ತಗೀಬೇಕಾಗತೈತಿ. ಬೆರಳಿಗೆ ನಿಂತ್ರ ಪುಣ್ಯ. ಕಾಲತನಕ ಹೋದವರನ್ನ ನಾ ನೋಡೇನಿ."

ಪಾಕ ನೋಡುವವನಿಗೆ ಕಾಲು ಹೋದರೆ ಏನು ಉಳಿಯುತ್ತದೆ? ಕೊಪ್ಪರಿಗೆಯ ಸುತ್ತ ಸುತ್ತಬೇಕು, ಗಳಿಗೆ ನೋಡಿ ಹಾರಿ ಹಿಡಿಯಬೇಕು. ನನಗೆ ದಿಗಿಲಾಯಿತು. ಮನೆಗೆ ಬಂದು ರಸ ಹೆಚ್ಚಿಸಿದೆ. ಅರ್ಧ ಲೋಟ ಇದ್ದದ್ದು ಪೂರ್ತಿ ಲೋಟವಾಯಿತು. ಬಳ್ಳಿಯಲ್ಲಿ ಕಾಯಿ ಮುಗಿದು ಸಂತೆಯಿಂದ ತರಿಸಿದೆ. ಅವರು ಒಮ್ಮೊಮ್ಮೆ ವಾಂತಿ ಮಾಡುತ್ತಿದ್ದರು. ನಾನು ಇನ್ನೊಂದು ಲೋಟ ಹಿಂಡುತ್ತಿದ್ದೆ. ಗಾಯ ಮಾತ್ರ ಹಾಗೆಯೇ ಇತ್ತು.

ಲೋಟ ಕೊಟ್ಟ ಮೇಲೆ ನಾನು ಕಲ್ಲು, ಬಟ್ಟೆ ತೊಳೆಯಲು ಹಿತ್ತಲಿಗೆ ಹೋಗುವವಳು. ಗಂಡ ಮುಂಬಾಗಿಲಿನಿಂದ ಗಾಣಕ್ಕೆ ಹೋಗುವವರು. ಹೀಗಾಗಿ ಅವರು ಹೊರಡುವುದನ್ನು ನಾನು ನೋಡುತ್ತಲೇ ಇರಲಿಲ್ಲ. ಒಂದು ಬೆಳಗ್ಗೆ ಬುತ್ತಿ ಒಲೆಯ ಮುಂದೆ ಮರೆತು ಹೊರಟಿದ್ದರು. ಬುತ್ತಿ ಹಿಡಿದು ಮುಂದಕ್ಕೆ ಓಡಿದೆ. ಹೊಸ್ತಿಲಲ್ಲಿ ಅತ್ತೆ ತಾಟು ಹಿಡಿದು ನಿಂತಿದ್ದರು. ಗಂಡ ಬಗ್ಗಿ, ಎರಡೂ ಕೈ ಒಡ್ಡಿ, ಲಿಂಬೆಹಣ್ಣಿನಷ್ಟು ದಪ್ಪದ ಹೊಸ ಬೆಲ್ಲದ ಉಂಡೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡರು.

"ಏನದು?" ಅಂದೆ.

"ಪ್ರಸಾದ," ಅಂದರು ಅತ್ತೆ. ಒಂದು ಚೂರೂ ಅಳುಕಿಲ್ಲ.

"ಬೆಲ್ಲ ಅದು."

"ನೈವೇದ್ಯ ಆಗೂತನಕ ಬೆಲ್ಲ. ಆದ ಮ್ಯಾಲ ಪ್ರಸಾದ."

ಗಾಣ ನಡೆಯುವಷ್ಟು ದಿನ ಆ ಮನೆಯಲ್ಲಿ ದೇವರಿಗೆ ಹೊಸ ಬೆಲ್ಲದ ನೈವೇದ್ಯ, ಬೆಂಕಿಯ ಮುಂದೆ ಕೂರುವ ಗಂಡಸಿಗೆ ಅದರ ಪ್ರಸಾದ. ಅದು ನನಗೆ ಗೊತ್ತಿದ್ದದ್ದೇ. ಮಾವ ಇದ್ದಾಗ ಅವರಿಗೂ ಕೊಡುತ್ತಿದ್ದರು. ಮಾವನ ಹಲ್ಲೆಲ್ಲ ಬಿದ್ದ ಮೇಲೆ ಅವರ ಪಾಲನ್ನು ಅತ್ತೆಯೇ ತಿನ್ನುತ್ತಿದ್ದರು, ಪ್ರಸಾದ ಚೆಲ್ಲಬಾರದು ಎಂದು. ಆದರೆ ಡಾಕ್ಟರು ಅಷ್ಟು ಹೇಳಿದ ಮೇಲೆ ಇದು ನಿಂತಿದೆ ಎಂದು ನಾನು ನಂಬಿದ್ದೆ.

"ಡಾಕ್ಟರ ಬ್ಯಾಡಂದಾರ ಅತ್ತಿ."

"ಸಿಹಿ ಬ್ಯಾಡಂದಾರ. ಪ್ರಸಾದ ಬ್ಯಾಡಂದಾರನು? ಕೇಳ್ಕೊಂಡ ಬಾ ಹೋಗು. ಪ್ರಸಾದದಿಂದ ಯಾವ ಬ್ಯಾನಿ ಬಂದೈತಿ ಊರಾಗ? ನೀ ದಿನಾ ನನ್ನ ಮಗನ ಬಾಯಿ ಕಹಿ ಮಾಡಿ ಕಳಸ್ತಿ. ಕಹಿ ಬಾಯಿಲೆ ಕೊಪ್ಪರಿಗಿ ಮುಂದ ಕುಂತ್ರ ಪಾಕ ಒಡೀತೈತಿ. ಅಡವ್ಯಾಗ ಹುಟ್ಟಿದಾಕಿಗೆ ಇದೆಲ್ಲ ಎಲ್ಲಿ ಗೊತ್ತಿರ್ತೈತಿ?"

ಗಂಡನ ದವಡೆಯಲ್ಲಿ ಬೆಲ್ಲ ಇನ್ನೂ ಉಬ್ಬಿಕೊಂಡಿತ್ತು. "ಯಾಕ ಮುಂಜಾನೆದ್ದ ಬಾಯಿ ಮಾಡ್ತಿ? ನಿನ್ನ ಕಹಿ ಒಂದ ಲೋಟ, ಇದು ಒಂದ ಉಂಡಿ. ತೂಗಿದ್ರ ನಿನ್ನ ಕಹೀನ ಜಾಸ್ತಿ ಆಗತೈತಿ."

"ಹೊಟ್ಟ್ಯಾಗ ತಕ್ಕಡಿ ಇಟ್ಟೀರೇನು?"

ಅವರು ಬುತ್ತಿಯನ್ನೂ ಇಸಿದುಕೊಳ್ಳದೆ ಕುಂಟುತ್ತ ಹೋದರು. ನಾನು ಬುತ್ತಿ ಹಿಡಿದು ಹಿಂದೆಯೇ ಹೋದೆ. ಗಾಣದ ಹತ್ತಿರ ಹೋಗುತ್ತಿದ್ದಂತೆ ಗಾಣದ ಬಾಯಿಗೆ ಕಬ್ಬು ಕೊಡುವ ಹೆಂಗಸು ಕರೆದಳು.

"ಬರ್ರಿ ವೈನಿ, ಒಂದ ಲೋಟ ಕಬ್ಬಿನ ಹಾಲ ಕುಡದ ಹೋಗ್ರಿ."

ಗಾಣದಿಂದ ಇಳಿದ ಹಸಿ ರಸಕ್ಕೆ ಇಲ್ಲಿ ಹಾಲು ಅನ್ನುತ್ತಾರೆ. ಗಾಣ ದಾಟಿ ಹೋಗುವವರು ಅದನ್ನು ಕುಡಿಯದೆ ಹೋಗುವಂತಿಲ್ಲ, ಕುಡಿಸದಿದ್ದರೆ ಗಾಣದವರಿಗೆ ಅವಮಾನ. ನೋಡಿದರೆ ನನ್ನ ಗಂಡನ ಕೈಯಲ್ಲೂ ಒಂದು ಲೋಟ. ನನ್ನನ್ನು ಕಂಡು ಅವರು ಬಚ್ಚಿಡಲೂ ಇಲ್ಲ.

"ಲಿಂಬಿಹಣ್ಣು ಹಿಂಡೇನಿ, ಹಸಿ ಶುಂಠಿ ಜಜ್ಜಿ ಹಾಕೇನಿ. ರಸ ಮೈಗೆ ಛಲೋ ಅಂತ ನೀನ ಅಂತಿದ್ದಿಲ್ಲ?"

"ಹೌದ್ರಿ ವೈನಿ," ಅಂದಳು ಆ ಹೆಂಗಸು. "ಮೈ ಹಳದಿ ಆಗಿ ಕಾಮಣಿ ಆದವರಿಗೆ ಇದ ಔಷಧ."

"ಇಲ್ಲಿ ಕಾಮಣಿ ಯಾರಿಗೆ ಬಂದೈತಿ?"

ಗಂಡ ಗಂಟಲು ಸರಿಮಾಡಿಕೊಂಡರು. "ಪಾಕ ನೋಡಾವ ನಾಲಿಗಿ ಮ್ಯಾಲ ಹಾಕಿ ನೋಡಬೇಕಾಗತೈತಿ. ಅದು ನಿನಗ ತಿಳ್ಯೂದಿಲ್ಲ."

"ಪಾಕ ನೋಡೂದು ತಣ್ಣೀರಾಗ ಬಿಟ್ಟು, ಉಂಡಿ ಕಟ್ಟಿ. ಬಂದಾಗಿಂದ ನೋಡಾಕತ್ತೇನಿ. ನಡುವ ನಾಲಿಗಿ ಯಾವಾಗ ಬಂತು?"

ಬೆಂಕಿಗೆ ಕಬ್ಬಿನ ಸಿಪ್ಪೆ ಹಾಕುತ್ತಿದ್ದವನು ನಕ್ಕುಬಿಟ್ಟ. ಗಂಡನ ಮುಖ ಕೆಂಪಾಯಿತು. "ಸವಳ ಹೊಲದ ಕಬ್ಬಿದ್ರ ಉಪ್ಪು ತಿಳೀಬೇಕಲ್ಲ," ಅಂದರು. ಆ ಕಬ್ಬು ನಮ್ಮದೇ ಹೊಲದ್ದು. ಅದರಲ್ಲಿ ಸವಳು ಇರಲಿಲ್ಲ.

ಬುತ್ತಿ ಅಲ್ಲಿಟ್ಟು ಮನೆಗೆ ಮರಳಿದೆ. ದಾರಿಯುದ್ದಕ್ಕೂ ನನಗೆ ಅಳುವೂ ಬರಲಿಲ್ಲ. ಕೈ ನೋಡಿಕೊಂಡೆ. ಹಾಗಲದ ರಸ ಹತ್ತಿ ಉಗುರ ಸುತ್ತ ಹಸಿರುಗಪ್ಪು. ನಾನೊಬ್ಬಳು ಒಳಗೆ ಕೂತು ಹಿಂಡಬೇಕು, ಹೊರಗೆ ಇಡೀ ಊರು ಲೋಟ ಹಿಡಿದು ಕಾಯುತ್ತದೆ. ಕೆಟ್ಟವರು ಯಾರೂ ಅಲ್ಲ. ಒಬ್ಬರಿಗೆ ದೇವರು, ಒಬ್ಬರಿಗೆ ಮರ್ಯಾದೆ, ಒಬ್ಬರಿಗೆ ನಾಲಗೆ. ಬೈಯಲು ಒಬ್ಬರೂ ನೆಟ್ಟಗೆ ಸಿಗಲಿಲ್ಲ.

ಗಾಣ ಮುಗಿಯುವ ಮೊದಲೇ ಬೆರಳು ಪೂರಾ ಕಪ್ಪಾಯಿತು. ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ಅದನ್ನು ತೆಗೆದರು. ಅಲ್ಲಿ ನಾನು ಕಲ್ಲು ಒಯ್ದಿರಲಿಲ್ಲ, ಹಿಂಡಲಿಲ್ಲ. ರಸವೂ ಇಲ್ಲ, ಪ್ರಸಾದವೂ ಇಲ್ಲ, ಕಬ್ಬಿನ ಹಾಲೂ ಇಲ್ಲ. ಸೂಜಿ ಚುಚ್ಚಿದರು, ಅಳತೆಯ ಊಟ ಕೊಟ್ಟರು. ಸಕ್ಕರೆ ಇಳಿಯಿತು, ಗಾಯ ಕೆಂಪಗೆ ಚೊಕ್ಕವಾಗಿ ಕೂಡತೊಡಗಿತು. ನರ್ಸಮ್ಮ ಖುಷಿಯಿಂದ ಹೇಳಿದಳು. ನನಗೆ ಸಿಟ್ಟೇ ಬಂತು. ಅಷ್ಟು ತಿಂಗಳು ಹಿಂಡಿದ್ದಕ್ಕೆ ಒಂದು ಉಂಡೆ ಬೆಲ್ಲ ಅಡ್ಡ ಕೂತಿತ್ತಲ್ಲ ಎಂದು.

ಹೊರಡುವಾಗ ಅಲ್ಲಿಯ ಡಾಕ್ಟರು ಒಂದೇ ಮಾತು ಹೇಳಿದರು, ಇನ್ನೊಂದು ಸಲ ಬಂದರೆ ಬೆರಳಿಗೆ ನಿಲ್ಲುವುದಿಲ್ಲ ಎಂದು. ಬಸ್ಸಿನಲ್ಲಿ ಗಂಡ ಕಾಲನ್ನು ಮುಂದಿನ ಸೀಟಿನ ಕೆಳಗೆ ಜೋಪಾನವಾಗಿ ಚಾಚಿ ಕೂತಿದ್ದರು.

ಮನೆಯ ಬಾಗಿಲಲ್ಲಿ ಅತ್ತೆ ಕಾಯುತ್ತಿದ್ದರು. ಮಗನಿಗೆ ಕುಂಕುಮದ ನೀರು ನಿವಾಳಿಸಿ ಚೆಲ್ಲಿದರು. ಬಟ್ಟೆ ಸುತ್ತಿದ ಕಾಲು ನೋಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ತಾಟು ಎತ್ತಿದರು. ಅದರಲ್ಲಿ ಅದೇ ಉಂಡೆ.

"ಬಾಯಿ ತೆರಿ, ನನ್ನಪ್ಪ. ಗಂಡಾಂತರ ದಾಟಿ ಬಂದಿ."

ಗಂಡ ನನ್ನನ್ನು ನೋಡಿದರು, ತಾಯಿಯನ್ನು ನೋಡಿದರು. ಬೇಡ ಅನ್ನಲು ಅವರಿಗೆ ಆಗಲಿಲ್ಲ. ಹುಟ್ಟಿದಾಗಿನಿಂದ ಆ ಕೈಗೆ ಬೇಡ ಅಂದವರಲ್ಲ. ಬಾಯಿ ತೆರೆದರು.

ನಾನು ನಡುವೆ ಕೈ ಹಾಕಿ ಉಂಡೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು ನನ್ನ ಬಾಯಿಗೆ ಹಾಕಿಕೊಂಡೆ.

ಅತ್ತೆಗೆ ಒಂದು ಕ್ಷಣ ತಿಳಿಯಲಿಲ್ಲ. "ಏ, ಅದು ಅವನ ಪ್ರಸಾದ."

ಬಾಯಿ ತುಂಬಿತ್ತು. ಅಗಿದು ನುಂಗಿ ಹೇಳಿದೆ: "ಚೆಲ್ಲಿಲ್ಲಲ್ಲ? ಮಾವನ ಪಾಲು ನೀವು ತಿಂದ್ರಿ. ನನ್ನ ಗಂಡನ ಪಾಲು ನಾ ತಿಂತೇನಿ. ದಿನಾ ಕೊಡ್ರಿ. ಪಾಕ ಒಡದ್ರ ನನ್ನ ಕೇಳ್ರಿ."

ಅತ್ತೆ ತಾಟು ಒಳಗೆ ಒಯ್ದು ದೇವರ ಜಗಲಿಯ ಮೇಲೆ ಸದ್ದಾಗುವಂತೆ ಇಟ್ಟರು.

ಮುಂದಿನ ಗಾಣದ ಕಾಲಕ್ಕೆ ಹಾಗೆಯೇ ನಡೆಯಿತು. ಬೆಳಗ್ಗೆ ಹಿಂಡುವುದು, ಅವರಿಗೆ ಕಹಿ ಕೊಡುವುದು, ಆಮೇಲೆ ಹೊಸ್ತಿಲಿಗೆ ಹೋಗಿ ನಾನು ಕೈ ಒಡ್ಡುವುದು. ಅತ್ತೆ ಸೇಡಿಗೆ ಉಂಡೆಯನ್ನು ದಿನದಿಂದ ದಿನಕ್ಕೆ ದೊಡ್ಡದು ಮಾಡಿದರು. ಉಪ್ಪು ಹುಳಿ ತಿಂದು ಬೆಳೆದ ಬಾಯಿ ನನ್ನದು. ಬೆಳಗ್ಗೆ ಬೆಳಗ್ಗೆ ಆ ಸಿಹಿಯನ್ನು ನೀರು ಕುಡಿದು ಕುಡಿದು ಇಳಿಸುತ್ತಿದ್ದೆ. ಒಂದು ದಿನವೂ ಬಿಡಲಿಲ್ಲ. ಪಾಕ ಒಡೆಯಲಿಲ್ಲ. ಸೊಸೆ ಪ್ರಸಾದ ತಿಂದದ್ದಕ್ಕೆ ಬೆಲ್ಲ ಛಲೋ ಬಂತೆಂದು ಅತ್ತೆ ಓಣಿಯಲ್ಲಿ ಹೇಳಿಕೊಂಡರು.

ಗಾಣಕ್ಕೆ ಹೋಗುವಾಗ ಗಂಡನ ಕೈಗೆ ಮುರುಗಲು ನೀರಿನ ಬಾಟಲಿ ಕೊಡುತ್ತಿದ್ದೆ, ಉಪ್ಪು ಜೀರಿಗೆ ಹಾಕಿ. ಬೆಂಕಿಯ ಮುಂದೆ ಬೆವರುವವರಿಗೆ ಅದಕ್ಕಿಂತ ಒಳ್ಳೆಯದು ಇಲ್ಲ, ಇದನ್ನು ಯಾರು ಬೇಕಾದರೂ ಕುಡಿದು ನೋಡಬಹುದು. ಲೋಟ ಎತ್ತಿದವರಿಗೆ ಅವರು ಬಾಟಲಿ ತೋರಿಸುತ್ತಿದ್ದರು. ಮೊದಲು ಗಾಣದವರು ನಕ್ಕರು. ಆಮೇಲೆ ಅವರೂ ಕೇಳಿ ಕುಡಿಯತೊಡಗಿದರು. ಬೆಲ್ಲ ಕಲೆಸಿಕೊಂಡು.

ಗಂಡನ ಕಾಲು ಕಡೆಯತನಕ ಉಳಿಯಿತು. ಕುಂಟುತ್ತಿದ್ದರು, ಆದರೆ ತಮ್ಮ ಕಾಲ ಮೇಲೆಯೇ ನಡೆದರು, ಪಾಕವನ್ನೂ ಇಳಿಸಿದರು. ನನ್ನ ದವಡೆ ಹಲ್ಲು ಒಂದೊಂದಾಗಿ ಹುಳುಕಾಗಿ ಹೋದವು. ಈಗ ಗಜ್ಜರಿ ಕಡಿಯಲು ಬರುವುದಿಲ್ಲ, ಸೌತೆಕಾಯಿಯೂ ಕಷ್ಟ. ಎದುರು ಮನೆಯ ಮಿಕ್ಸರಿನ ರಸವೇ ಗತಿ ಎಂದು ಒಂದು ಲೋಟ ತರಲು ಹೇಳಿದ್ದೆ.

ನಿನ್ನೆ ತಂದುಕೊಟ್ಟಳು. ಮಾವನಿಗೆ ಮಾಡಿದ್ದರಲ್ಲೇ ನನಗೂ ಬಸಿದಿದ್ದಳು. ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟೆ.

"ಸಕ್ಕರಿ ಹಾಕೀಯಲ್ಲ."

"ಒಂದ ಚಮಚಾ ಅಷ್ಟ ಆಯಿ. ಇಲ್ಲಂದ್ರ ಮಾವಾರು ಕುಡಿಯೂದಿಲ್ಲ."